ಅಳುವುದನ್ನು ಬಿಟ್ಟ ಮಕ್ಕಳು

ಎರಡನೆಯ ಮಹಾಯುದ್ಧವು ಮುಗಿದು ನಾಲ್ಕಾರು ವರ್ಷಗಳು ಸಂದಿದ್ದ ಕಾಲದಲ್ಲಿ ಲಂಡನ್ ನಗರದ ಆಸ್ಪತ್ರೆಗಳ ಮಕ್ಕಳ ವಾರ್ಡುಗಳು ತಮ್ಮ ಶುಚಿತ್ವಕ್ಕೂ ಶಿಸ್ತಿಗೂ ಹೆಸರಾಗಿದ್ದುವು. ಒಂದೇ ಸಾಲಿನಲ್ಲಿ ಹೊಂದಿಸಿಟ್ಟ ಮಂಚಗಳು, ಹೊತ್ತು ತಪ್ಪದ ಊಟ ಔಷಧಗಳು, ಮೆಲುದನಿಯಲ್ಲಿ ಮಾತನಾಡುವ ದಾದಿಯರು; ಇವುಗಳ ನಡುವೆ ಮಕ್ಕಳು ಸದ್ದಿಲ್ಲದೆ ಮಲಗಿರುತ್ತಿದ್ದರು. ಅವರನ್ನು ನೋಡಲು ತಂದೆತಾಯಿಗಳಿಗೆ ಅನೇಕ ಕಡೆ ವಾರಕ್ಕೊಮ್ಮೆ ಒಂದೆರಡು ಗಂಟೆಗಳ ಅವಕಾಶವಿತ್ತು. ಕೆಲವು ಆಸ್ಪತ್ರೆಗಳಲ್ಲಿ ಅಷ್ಟೂ ಇರಲಿಲ್ಲ. ಮಗು ನಿದ್ರೆಹೋದ ಮೇಲೆ ಬಂದು, ಎಚ್ಚರಗೊಳಿಸದೆ, ದೂರದಿಂದ ನೋಡಿ ಹೋಗಬಹುದೆಂದು ನಿಯಮವಿಟ್ಟಿದ್ದ ಕಡೆಗಳೂ ಇದ್ದುವು. ಈ ನಿಯಮಗಳು ಕ್ರೌರ್ಯದಿಂದ ಹುಟ್ಟಿದುವಲ್ಲ. ಹೊರಗಿನಿಂದ ಬಂದವರು ಸೋಂಕನ್ನು ತರುವರೆಂಬ ಭಯವು ಒಂದು ಕಾರಣವಾಗಿದ್ದರೆ, ಮತ್ತೊಂದು ಕಾರಣವು ದಾದಿಯರು ಪ್ರತಿದಿನವೂ ತಮ್ಮ ಕಣ್ಣಾರೆ ಕಾಣುತ್ತಿದ್ದುದೇ ಆಗಿತ್ತು: ತಾಯಿ ಬರುವ ಮೊದಲು ಮಗು ಶಾಂತವಾಗಿರುವುದು, ಆಕೆ ಬಂದೊಡನೆ ಅಳತೊಡಗುವುದು, ಆಕೆ ಹೊರಟಾಗ ಚೀರಾಡುವುದು. ಹಾಗಿರುವಲ್ಲಿ ತಾಯಿಯ ಭೇಟಿಯೇ ಮಗುವಿನ ದುಃಖಕ್ಕೆ ಕಾರಣವೆಂದೂ, ಆಕೆಯನ್ನು ದೂರವಿರಿಸಿದರೆ ಮಗು ಬೇಗನೆ ಹೊಂದಿಕೊಳ್ಳುವುದೆಂದೂ ಅನುಭವಸ್ಥರಾದ ವೈದ್ಯರು ನಿರ್ಣಯಿಸಿದ್ದರು.

ನೋಟವು ಸರಿಯಾಗಿಯೇ ಇತ್ತು, ನಿರ್ಣಯವು ಮಾತ್ರ ಪೂರ್ತಿಯಾಗಿ ತಪ್ಪಾಗಿತ್ತು. ಮಗುವಿನ ಮೌನವನ್ನು ನೆಮ್ಮದಿಯೆಂದು ಭಾವಿಸಿದ ಈ ತಪ್ಪನ್ನು ಅರಿಯಲು ಮನಶ್ಶಾಸ್ತ್ರಕ್ಕೆ ಬಹುಕಾಲವೇ ಹಿಡಿಯಿತು. ಅದನ್ನು ಅರಿತ ಬಗೆಯೇ ಶಿಶುಮನಸ್ಸಿನ ಅಧ್ಯಯನದ ಚರಿತ್ರೆಯಲ್ಲಿ ಅತ್ಯಂತ ಮಹತ್ವದ ಅಧ್ಯಾಯವೆಂದು ನಾನು ಭಾವಿಸಿದ್ದೇನೆ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ವಿದ್ವಾಂಸರಲ್ಲಿ ಪ್ರಚಲಿತವಾಗಿದ್ದ ಅಭಿಪ್ರಾಯವೇನೆಂದರೆ, ಕೂಸಿಗೆ ತಾಯಿಯಲ್ಲಿರುವ ಮಮತೆಯು ಆಕೆ ಕೊಡುವ ಹಾಲಿನಿಂದ ಹುಟ್ಟಿದುದು, ಹಾಲನ್ನು ಮತ್ತೊಬ್ಬರು ಕೊಟ್ಟರೆ ಮಮತೆಯೂ ಅಲ್ಲಿಗೆ ಹರಿಯುವುದು ಎಂಬುದು. ವರ್ತನಾವಾದದ ಪ್ರವರ್ತಕನಾದ ಅಮೆರಿಕದ ಜಾನ್ ವಾಟ್ಸನ್ ಎಂಬಾತನು 1928ರಲ್ಲಿ ತಾಯಂದಿರಿಗಾಗಿ ಬರೆದ ಶಿಶುಪಾಲನೆಯ ಗ್ರಂಥದಲ್ಲಿ, ಮಕ್ಕಳನ್ನು ಅಪ್ಪಿಕೊಳ್ಳಬಾರದು, ಮುದ್ದಿಡಬಾರದು, ಮಡಿಲಲ್ಲಿ ಕೂರಿಸಿಕೊಳ್ಳಬಾರದು, ಬೆಳಿಗ್ಗೆ ಎದ್ದಾಗ ಬೇಕಾದರೆ ಕೈಕುಲುಕಬಹುದು ಎಂದು ಉಪದೇಶಿಸಿದನು. ಆ ಗ್ರಂಥವು ಬಹು ಜನಪ್ರಿಯವಾಯಿತು. ನ್ಯೂಜಿಲೆಂಡಿನ ಟ್ರೂಬಿ ಕಿಂಗ್ ಎಂಬ ವೈದ್ಯನು ನಾಲ್ಕು ಗಂಟೆಗೊಮ್ಮೆ ಹಾಲೂಡಿಸಬೇಕು, ನಡುವೆ ಅತ್ತರೆ ಅಳಲೆಂದು ಬಿಡಬೇಕು ಎಂದು ಹೇಳಿದುದನ್ನು ಇಂಗ್ಲೆಂಡಿನ ಅಸಂಖ್ಯಾತ ತಾಯಂದಿರು ತಮ್ಮ ಕರುಳಿನ ಕರೆಯನ್ನು ಅದುಮಿಟ್ಟು ಪಾಲಿಸಿದರು.

ಈ ಅಭಿಪ್ರಾಯಕ್ಕೆ ಮೊದಲ ಬಲವಾದ ಪೆಟ್ಟು ಕೊಟ್ಟವನು ವಿಯೆನ್ನಾದಲ್ಲಿ ಹುಟ್ಟಿ, ಅಮೆರಿಕಕ್ಕೆ ವಲಸೆ ಹೋದ ರೆನೆ ಸ್ಪಿಟ್ಸ್ ಎಂಬ ಮನೋವಿಶ್ಲೇಷಕನು. 1945ರಲ್ಲಿ ಪ್ರಕಟವಾದ ತನ್ನ ಲೇಖನದಲ್ಲಿ ಅವನು ಎರಡು ಸಂಸ್ಥೆಗಳನ್ನು ಹೋಲಿಸಿ ನೋಡಿದನು. ಒಂದು ಅನಾಥ ಶಿಶುಗಳ ಆಶ್ರಮ. ಅಲ್ಲಿ ಆಹಾರಕ್ಕೂ ವೈದ್ಯಕೀಯ ನಿಗಾಕ್ಕೂ ಕೊರತೆಯಿರಲಿಲ್ಲ, ಆದರೆ ಸೋಂಕು ತಗುಲದಿರಲೆಂದು ತೊಟ್ಟಿಲುಗಳ ಸುತ್ತ ಬಟ್ಟೆಯ ತೆರೆ ಕಟ್ಟಿದ್ದುದರಿಂದ ಕೂಸುಗಳಿಗೆ ಮೇಲ್ಛಾವಣಿಯಲ್ಲದೆ ಬೇರೇನೂ ಕಾಣುತ್ತಿರಲಿಲ್ಲ, ಅನೇಕ ಕೂಸುಗಳಿಗೆ ಒಬ್ಬಳೇ ದಾದಿಯಿದ್ದಳು. ಮತ್ತೊಂದು ಹೆಣ್ಣುಮಕ್ಕಳ ಸೆರೆಮನೆಗೆ ಸೇರಿದ ಶಿಶುಗೃಹ. ಅಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ತಾಯಂದಿರೇ ತಮ್ಮ ಮಕ್ಕಳನ್ನು ಎತ್ತಿ ಆಡಿಸುತ್ತಿದ್ದರು. ಎರಡು ವರ್ಷಗಳ ಅವಧಿಯಲ್ಲಿ ಆಶ್ರಮದ ಮಕ್ಕಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮಂದಿ ಮೃತಪಟ್ಟರು. ಬದುಕಿ ಉಳಿದವರಲ್ಲಿಯೂ ಬಹುಮಂದಿಗೆ ವಯಸ್ಸಿಗೆ ತಕ್ಕ ನಡಿಗೆಯಾಗಲಿ ಮಾತಾಗಲಿ ಬರಲಿಲ್ಲ. ಸೆರೆಮನೆಯ ಶಿಶುಗೃಹದಲ್ಲಿ ಒಂದು ಮಗುವೂ ಸಾಯಲಿಲ್ಲ. ಸ್ಪಿಟ್ಸನ ವಿಧಾನದಲ್ಲಿ ದೋಷಗಳಿದ್ದುವೆಂದು ಮುಂದೆ ಬಂದ ವಿಮರ್ಶಕರು ಎತ್ತಿ ತೋರಿಸಿದುದು ನಿಜ. ಆದರೆ ಅವನು ಕೇಳಿದ ಪ್ರಶ್ನೆಯನ್ನು ಯಾರೂ ತಳ್ಳಿಹಾಕಲಾರದಾದರು.

ಆದರೂ ಲೇಖನವೊಂದರಿಂದ ಆಸ್ಪತ್ರೆಗಳ ಬಾಗಿಲು ತೆರೆಯಲಿಲ್ಲ. ಅದನ್ನು ತೆರೆದ ಕೀರ್ತಿಯಲ್ಲಿ ದೊಡ್ಡ ಪಾಲು ಜೇಮ್ಸ್ ರಾಬರ್ಟ್‌ಸನ್ ಎಂಬ ಸ್ಕಾಟ್‌ಲೆಂಡಿನ ಒಬ್ಬ ಸಾಮಾನ್ಯ ಕಾರ್ಮಿಕ ಕುಟುಂಬದ ಮನುಷ್ಯನಿಗೆ ಸಲ್ಲಬೇಕು. ಯುದ್ಧಕಾಲದಲ್ಲಿ ಆನ್ನಾ ಫ್ರಾಯ್ಡ್ ಎಂಬಾಕೆ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ನಡೆಸುತ್ತಿದ್ದ ಶಿಶುಗೃಹದಲ್ಲಿ ಅವನು ಬಾಯ್ಲರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದವನು. ಅಲ್ಲಿ ಒಂದು ನಿಯಮವಿತ್ತು: ಯಾವ ಕೆಲಸದವರೇ ಆಗಿರಲಿ, ಮಕ್ಕಳಲ್ಲಿ ತಾವು ಕಂಡುದನ್ನು ಚಿಕ್ಕ ಕಾರ್ಡುಗಳ ಮೇಲೆ ಬರೆದಿಡಬೇಕು. ಹೀಗೆ ಬರೆಯುತ್ತ ಬರೆಯುತ್ತ ನೋಡುವುದನ್ನು ಕಲಿತ ರಾಬರ್ಟ್‌ಸನ್ನನು 1948ರಲ್ಲಿ ಟಾವಿಸ್ಟಾಕ್ ಚಿಕಿತ್ಸಾಲಯದ ಮನೋವೈದ್ಯ ಜಾನ್ ಬೌಲ್ಬಿಯ ಸಹಾಯಕನಾದನು. ಆಸ್ಪತ್ರೆಯ ವಾರ್ಡುಗಳಲ್ಲಿ ಕುಳಿತು ಚಿಕ್ಕ ಮಕ್ಕಳನ್ನು ಗಮನಿಸುವುದು ಅವನ ಕೆಲಸ. ಅವನು ಕಂಡುದನ್ನು ಮೂರು ಹಂತಗಳಾಗಿ ವಿವರಿಸಿದನು. ಮೊದಲು ಮಗು ಪ್ರತಿಭಟಿಸುವುದು. ಅತ್ತು ಕರೆದು, ಬಾಗಿಲ ಕಡೆಗೆ ಕಣ್ಣು ನೆಟ್ಟು, ಬಂದ ಹೆಜ್ಜೆಯ ಸದ್ದಿಗೆಲ್ಲ ತಿರುಗುವುದು. ಬಳಿಕ ಹತಾಶೆಯು ಕವಿಯುವುದು; ಅಳು ತಗ್ಗಿ, ಊಟದಲ್ಲಿಯೂ ಆಟದಲ್ಲಿಯೂ ಆಸಕ್ತಿ ಕುಂದುವುದು. ಕೊನೆಯದು ವಿರಕ್ತಿ, ಆಗ ಮಗು ಎಲ್ಲ ದಾದಿಯರೊಡನೆಯೂ ನಗುನಗುತ್ತ ಇರುವುದು, ಕೊಟ್ಟುದನ್ನು ತಿನ್ನುವುದು, ತಾಯಿ ಬಂದರೆ ಮುಖ ತಿರುಗಿಸುವುದು. ವೈದ್ಯರು ಮೆಚ್ಚಿಕೊಳ್ಳುತ್ತಿದ್ದ ‘ಹೊಂದಿಕೊಂಡ’ ಮಗುವೆಂದರೆ ಈ ಮೂರನೆಯ ಹಂತವನ್ನು ಮುಟ್ಟಿದ ಮಗು.

ರಾಬರ್ಟ್‌ಸನ್ನನು ಹೇಳಿದುದನ್ನು ವೈದ್ಯರು ನಂಬಲಿಲ್ಲ. ಆಗ ಅವನು ಒಂದು ಚಲನಚಿತ್ರದ ಕ್ಯಾಮರಾವನ್ನು ಕೊಂಡುಕೊಂಡನು. ಅಂಥದನ್ನು ಅವನು ಹಿಂದೆಂದೂ ಕೈಯಲ್ಲಿ ಹಿಡಿದವನಲ್ಲ. ಹೊಕ್ಕುಳಿನ ಹರ್ನಿಯಾದ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿರಬೇಕಾಗಿದ್ದ ಲಾರಾ ಎಂಬ ಎರಡೂವರೆ ವರ್ಷದ ಒಳಗಿನ ಹುಡುಗಿಯನ್ನು, ಬೇಕಾದ ದೃಶ್ಯವನ್ನಷ್ಟೇ ಹೆಕ್ಕಿಕೊಂಡನೆಂಬ ಆಕ್ಷೇಪಕ್ಕೆ ಎಡೆಯಿಲ್ಲದಂತೆ, ದಿನದಿನವೂ ಗೊತ್ತುಮಾಡಿದ ಹೊತ್ತಿಗೇ, ಗೋಡೆಯ ಗಡಿಯಾರವೂ ಕಾಣುವಂತೆ ಚಿತ್ರಿಸಿದನು. ಲಾರಾ ಗೋಳಾಡಿ ಅಳುವ ಮಗುವಲ್ಲ. ತುಟಿ ಕಚ್ಚಿ ಅಳುವನ್ನು ತಡೆದುಕೊಳ್ಳುವವಳು, ಮನೆಯಿಂದ ತಂದ ಗೊಂಬೆಯನ್ನು ಬಿಡದೆ ಹಿಡಿದುಕೊಳ್ಳುವವಳು, ಆಟದ ನಡುವೆ ಇದ್ದಕ್ಕಿದ್ದಂತೆ ಅಮ್ಮ ಎಲ್ಲಿ ಎಂದು ಕೇಳುವವಳು. ಎಂಟನೆಯ ದಿನ ಮನೆಗೆ ಹೊರಟಾಗ ಅವಳು ತನ್ನ ಸಾಮಾನುಗಳನ್ನೆಲ್ಲ ಎತ್ತಿಕೊಂಡಳು. ತಾಯಿ ಚಾಚಿದ ಕೈಯನ್ನು ಮಾತ್ರ ಹಿಡಿಯಲಿಲ್ಲ.

1952ರ ನವೆಂಬರಿನಲ್ಲಿ ಈ ಚಿತ್ರವನ್ನು ರಾಯಲ್ ಸೊಸೈಟಿ ಆಫ್ ಮೆಡಿಸಿನ್ ಸಭೆಯಲ್ಲಿ ತೋರಿಸಿದಾಗ ನೆರೆದಿದ್ದ ವೈದ್ಯರೂ ದಾದಿಯರೂ ಕೋಪಗೊಂಡರು. ತಮ್ಮ ವೃತ್ತಿಗೆ ಅವಮಾನವಾಯಿತೆಂದರು. ಡರ್ಮಡ್ ಮೆಕಾರ್ಥಿ ಎಂಬ ಮಕ್ಕಳ ವೈದ್ಯನು ಮೊದಲು ಸಿಟ್ಟಾದವರಲ್ಲಿ ಒಬ್ಬನಾಗಿದ್ದರೂ, ತನ್ನ ವಾರ್ಡಿಗೆ ಮರಳಿ ನೋಡಿದಾಗ ಚಿತ್ರದಲ್ಲಿ ಕಂಡುದೇ ಅಲ್ಲಿಯೂ ಕಾಣತೊಡಗಿತು. ಅವನು ಆಮರ್‌ಶಮ್ ಆಸ್ಪತ್ರೆಯಲ್ಲಿ ತಾಯಂದಿರನ್ನು ಮಕ್ಕಳೊಡನೆ ಉಳಿಯಗೊಟ್ಟನು. ಒಮ್ಮೆ ಸಿಟ್ಟಾದ ಮೇಲೆ ತನ್ನ ಕಣ್ಣನ್ನೇ ಪರೀಕ್ಷಿಸಿಕೊಳ್ಳುವ ಇಂಥ ಪ್ರಾಮಾಣಿಕತೆಯು ವಿದ್ಯಾವಂತರಲ್ಲಿ ಅಪರೂಪವಾದುದರಿಂದ ಈತನ ಹೆಸರನ್ನು ಇಲ್ಲಿ ಸ್ಮರಿಸುವುದು ಯುಕ್ತವೆಂದು ತೋರಿತು. 1959ರಲ್ಲಿ ಸರ್ ಹ್ಯಾರಿ ಪ್ಲಾಟ್ ಅವರ ಅಧ್ಯಕ್ಷತೆಯ ಸಮಿತಿಯು ಬ್ರಿಟಿಷ್ ಸರಕಾರಕ್ಕೆ ಒಪ್ಪಿಸಿದ ವರದಿಯಲ್ಲಿ, ತಂದೆತಾಯಿಗಳ ಭೇಟಿಗೆ ನಿರ್ಬಂಧವಿರಬಾರದೆಂದೂ, ಎಳೆಯ ಮಕ್ಕಳೊಡನೆ ತಾಯಿಯನ್ನೂ ಸೇರಿಸಿಕೊಳ್ಳಬೇಕೆಂದೂ ಶಿಫಾರಸು ಮಾಡಲಾಯಿತು.

ಬೌಲ್ಬಿಯ ಹೆಸರು ಇದಕ್ಕಿಂತ ಮೊದಲೇ ಪ್ರಸಿದ್ಧವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವನು 1951ರಲ್ಲಿ ಬರೆದ ವರದಿಯು, ಎಳವೆಯಲ್ಲಿ ತಾಯಿಯೊಡನೆಯಾಗಲಿ ತಾಯಿಯ ಸ್ಥಾನದಲ್ಲಿ ಸ್ಥಿರವಾಗಿ ನಿಂತ ಒಬ್ಬರೊಡನೆಯಾಗಲಿ ಅವಿಚ್ಛಿನ್ನವಾದ, ಆತ್ಮೀಯವಾದ ಸಂಬಂಧವು ಮಗುವಿನ ಮಾನಸಿಕ ಸ್ವಾಸ್ಥ್ಯಕ್ಕೆ ಅವಶ್ಯವೆಂದು ಪ್ರತಿಪಾದಿಸಿತು. ಈ ಸಿದ್ಧಾಂತವನ್ನು ಹಿಡಿದು ಕೆಲಸಕ್ಕೆ ಹೋಗುವ ತಾಯಂದಿರನ್ನು ದೂಷಿಸಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅದು ಅನ್ಯಾಯ. 1972ರಲ್ಲಿ ಮೈಕೆಲ್ ರಟ್ಟರ್ ಎಂಬ ಮನೋವೈದ್ಯನು ಈ ವಿಷಯವನ್ನೆಲ್ಲ ಮತ್ತೆ ತೂಗಿ ನೋಡಿ, ಕೆಲವು ಗಂಟೆಗಳ ಅಗಲಿಕೆ ಬೇರೆ, ಸಂಬಂಧವು ಮುರಿಯುವುದು ಬೇರೆ, ಸಂಬಂಧವೇ ಎಂದೂ ಏರ್ಪಡದಿರುವುದು ಮತ್ತೂ ಬೇರೆ ಎಂದು ವಿಂಗಡಿಸಿದನು. ಮಗುವಿಗೆ ಬೇಕಾದ ವ್ಯಕ್ತಿ ಹೆತ್ತ ತಾಯಿಯೇ ಆಗಬೇಕೆಂದಿಲ್ಲವೆಂದೂ, ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಮಗು ಹಚ್ಚಿಕೊಳ್ಳಬಲ್ಲುದೆಂದೂ ತೋರಿಸಿದನು. ಅಜ್ಜಿ, ದೊಡ್ಡಮ್ಮ, ಚಿಕ್ಕಪ್ಪಂದಿರ ಕೈಯಲ್ಲಿ ಬೆಳೆದ ನಮ್ಮ ಜನರಿಗೆ ಇದನ್ನು ನಂಬಲು ಪ್ರಮಾಣಗಳ ಅವಶ್ಯಕತೆಯೇ ಬೀಳದು.

ಹಾಲಿನಿಂದಲೇ ಮಮತೆ ಎಂಬ ವಾದವನ್ನು ಕೊನೆಗೊಳಿಸಿದುದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಹಾರ್ಲೋ 1958ರಲ್ಲಿ ಪ್ರಕಟಪಡಿಸಿದ ಪ್ರಯೋಗ. ತಾಯಿಯಿಂದ ಬೇರ್ಪಡಿಸಿದ ಕೋತಿಮರಿಗಳಿಗೆ ಅವನು ಎರಡು ಗೊಂಬೆತಾಯಿಗಳನ್ನು ಒದಗಿಸಿದನು; ತಂತಿಯ ಗೊಂಬೆಯಲ್ಲಿ ಹಾಲಿನ ಬಾಟಲಿಯಿತ್ತು, ಬಟ್ಟೆ ಹೊದಿಸಿದ ಗೊಂಬೆಯಲ್ಲಿ ಏನೂ ಇರಲಿಲ್ಲ. ಮರಿಗಳು ಹಸಿವಾದಾಗ ತಂತಿಯ ಬಳಿಗೆ ಹೋಗಿ ಕುಡಿದು, ದಿನದ ಬಹುಪಾಲನ್ನು ಬಟ್ಟೆಯ ಗೊಂಬೆಯನ್ನು ಅಪ್ಪಿಕೊಂಡೇ ಕಳೆದುವು. ಆ ಕಾಲದಲ್ಲಿ ಅಮೆರಿಕದ ಪ್ರಯೋಗಶಾಲೆಗಳಿಗೆ ಈ ಜಾತಿಯ ಕೋತಿಗಳು ನಮ್ಮ ದೇಶದಿಂದಲೇ ಸಾವಿರಗಟ್ಟಲೆಯಾಗಿ ರವಾನೆಯಾಗುತ್ತಿದ್ದುವು. 1978ರಲ್ಲಿ ಭಾರತ ಸರಕಾರವು ಆ ರಫ್ತನ್ನು ನಿಲ್ಲಿಸಿತು. ಹಾರ್ಲೋ ಮುಂದೆ ಮರಿಗಳನ್ನು ತಿಂಗಳುಗಟ್ಟಲೆ ಏಕಾಂತದಲ್ಲಿರಿಸಿ ನಡೆಸಿದ ಪ್ರಯೋಗಗಳನ್ನು ಓದುವಾಗ ಮನಸ್ಸು ನೋಯುವುದು. ಅವುಗಳಿಂದ ತಿಳಿದುದಕ್ಕೆ ತೆತ್ತ ಬೆಲೆಯು ಅತಿಯಾಯಿತೆಂದೇ ನನ್ನ ಅಭಿಪ್ರಾಯ.

ಮೌನದ ಪ್ರಶ್ನೆಗೆ ಹೊಸ ಬೆಳಕನ್ನು ತಂದವಳು ಮೇರಿ ಐನ್ಸ್‌ವರ್ತ್. ಉಗಾಂಡದ ಹಳ್ಳಿಗಳಲ್ಲಿಯೂ ಬಳಿಕ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿಯೂ ತಾಯಿಮಕ್ಕಳನ್ನು ಅವರವರ ಮನೆಗಳಲ್ಲಿಯೇ ದೀರ್ಘಕಾಲ ಗಮನಿಸಿದ ಈಕೆ, ಒಂದು ವರ್ಷದ ಮಗುವಿಗಾಗಿ ಇಪ್ಪತ್ತು ನಿಮಿಷಗಳ ಒಂದು ಪರೀಕ್ಷೆಯನ್ನು ರೂಪಿಸಿದಳು. ಅಪರಿಚಿತವಾದ ಕೋಣೆಯಲ್ಲಿ ತಾಯಿ ಎರಡು ಬಾರಿ ಸ್ವಲ್ಪ ಹೊತ್ತು ಹೊರಗೆ ಹೋಗಿ ಬರುವಳು. ಆಕೆ ಮರಳಿದಾಗ ಮಗು ಏನು ಮಾಡುವುದೆಂಬುದೇ ನೋಡಬೇಕಾದ ಅಂಶ. ಬಹುಪಾಲು ಮಕ್ಕಳು ಅತ್ತು, ತಾಯಿ ಬಂದೊಡನೆ ಆಕೆಯ ಹೆಗಲೇರಿ, ಸಮಾಧಾನಗೊಂಡು ಮತ್ತೆ ಆಟಕ್ಕೆ ಇಳಿಯುವರು. ಕೆಲವು ಮಕ್ಕಳು ತಾಯಿ ಹೋದಾಗಲೂ ಅಳದೆ, ಬಂದಾಗಲೂ ತಲೆಯೆತ್ತದೆ, ಆಟಿಕೆಯೊಡನೆ ಆಡುತ್ತಲೇ ಇರುವರು. ನೋಡಿದವರಿಗೆ ಇವರು ಧೀರರೆಂದೂ ಸ್ವಾವಲಂಬಿಗಳೆಂದೂ ತೋರಬಹುದು. 1970ರ ದಶಕದಲ್ಲಿ ಸಂಶೋಧಕರು ಇಂಥ ಮಕ್ಕಳ ಹೃದಯದ ಬಡಿತವನ್ನು ಅಳೆದು ನೋಡಿದಾಗ, ಅಳುವ ಮಕ್ಕಳ ಹೃದಯದಂತೆಯೇ ಇವರ ಹೃದಯವೂ ವೇಗವಾಗಿ ಬಡಿಯುತ್ತಿರುವುದು ಕಂಡುಬಂದಿತು. ಒಳಗಿನ ಕಳವಳವು ಅಷ್ಟೇ ಇತ್ತು. ಅದನ್ನು ತೋರ್ಪಡಿಸಿ ಪ್ರಯೋಜನವಿಲ್ಲವೆಂಬುದನ್ನು ಆ ಎಳೆಯ ಜೀವಗಳು ಹನ್ನೆರಡು ತಿಂಗಳಲ್ಲಿಯೇ ಕಲಿತುಬಿಟ್ಟಿದ್ದುವು.

ಇಷ್ಟರ ಮೇಲೂ, ವಂಚಿತನಾದ ಮಗುವಿಗೆ ಮುಂದೆ ಒಳ್ಳೆಯ ಮನೆ ದೊರೆತರೆ ಹೋದುದೆಲ್ಲ ಮರಳಿ ಬರುವುದೇ ಎಂಬ ಪ್ರಶ್ನೆ ಉಳಿದಿತ್ತು. ಅದಕ್ಕೆ ಉತ್ತರವು ದೊರೆತುದು ಒಂದು ದೇಶದ ಮಹಾದುರಂತದಿಂದ. ರುಮೇನಿಯಾದ ಸರ್ವಾಧಿಕಾರಿ ಚಾಷೆಸ್ಕು ಜನಸಂಖ್ಯೆಯನ್ನು ಹೆಚ್ಚಿಸುವ ಹಂಬಲದಿಂದ 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿದನು. ಸಾಕಲು ಶಕ್ತಿಯಿಲ್ಲದ ಬಡವರು ಹೆತ್ತ ಮಕ್ಕಳನ್ನು ಸರಕಾರದ ಆಶ್ರಮಗಳಿಗೆ ಒಪ್ಪಿಸಿದರು. 1989ರ ಡಿಸೆಂಬರಿನಲ್ಲಿ ಅವನ ಆಳ್ವಿಕೆ ಉರುಳಿಬಿದ್ದಾಗ ಆ ಆಶ್ರಮಗಳಲ್ಲಿ ಲಕ್ಷಕ್ಕೂ ಮಿಕ್ಕಿ ಮಕ್ಕಳಿದ್ದರು. ಒಳಹೊಕ್ಕವರನ್ನು ಬೆಚ್ಚಿಬೀಳಿಸಿದ ಸಂಗತಿಗಳಲ್ಲಿ ಅಲ್ಲಿನ ನಿಶ್ಶಬ್ದವೂ ಒಂದು. ಕೋಣೆಯ ತುಂಬ ತೊಟ್ಟಿಲುಗಳಿದ್ದರೂ ಅಳುವಿಲ್ಲ. ಅತ್ತರೆ ಯಾರೂ ಬಾರದಿರುವಲ್ಲಿ ಕೂಸು ಅಳುವುದನ್ನೇ ಬಿಟ್ಟುಬಿಡುವುದು. ಕೆಲವರು ಕುಳಿತಲ್ಲಿಯೇ ಮುಂದಕ್ಕೂ ಹಿಂದಕ್ಕೂ ತೂಗಾಡುತ್ತಿದ್ದರು. ಕೆಲವರು ತಮ್ಮ ಕೈಗಳನ್ನೇ ನೋಡುತ್ತಿದ್ದರು. ಇನ್ನು ಕೆಲವರು ಹೊಸಬರು ಯಾರೇ ಬಂದರೂ ಓಡಿಬಂದು ತೋಳು ಚಾಚುತ್ತಿದ್ದರು. ಈ ಕೊನೆಯವರನ್ನು ಕಂಡು, ಎಷ್ಟು ಪ್ರೀತಿಯ ಮಗು ಎಂದು ಸಂತೋಷಪಟ್ಟ ಸಂದರ್ಶಕರು ಅನೇಕರು. ಯಾರನ್ನೂ ತನ್ನವರೆಂದು ಅರಿಯದ ಮಗುವಿಗೆ ಎಲ್ಲರೂ ಒಂದೇ ಆಗಿರುವರೆಂಬುದು ಅವರಿಗೆ ಹೊಳೆದಿರಲಿಲ್ಲ.

ರುಮೇನಿಯಾದಿಂದ ಇಂಗ್ಲೆಂಡಿನ ಕುಟುಂಬಗಳಿಗೆ ದತ್ತು ಹೋದ 165 ಮಕ್ಕಳನ್ನು ರಟ್ಟರ್ ಮತ್ತು ಅವನ ಸಂಗಡಿಗರು ಬಾಲ್ಯದಿಂದ ಯೌವನದವರೆಗೂ ಅನುಸರಿಸಿ ಅಧ್ಯಯನಮಾಡಿದರು. ಆರು ತಿಂಗಳು ತುಂಬುವ ಮೊದಲೇ ಆಶ್ರಮವನ್ನು ಬಿಟ್ಟವರು ಇತರ ದತ್ತುಮಕ್ಕಳಂತೆಯೇ ಬೆಳೆದರು. ಆರು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿದ್ದವರಲ್ಲಿ ಬುದ್ಧಿಶಕ್ತಿಯು ಕ್ರಮೇಣ ಬಹುಮಟ್ಟಿಗೆ ಚೇತರಿಸಿಕೊಂಡರೂ, ಚಿತ್ತಚಾಂಚಲ್ಯ, ಅಪರಿಚಿತರೊಡನೆ ಮಿತಿಯಿಲ್ಲದ ಸಲಿಗೆ, ಸಾಮಾಜಿಕ ವ್ಯವಹಾರದ ತೊಡಕುಗಳು ಅನೇಕರಲ್ಲಿ ಪ್ರಾಯಕ್ಕೆ ಬಂದಮೇಲೂ ಉಳಿದುವು. ಆದರೂ ಈ ಗುಂಪಿನಲ್ಲಿಯೂ ಸುಮಾರು ಐದರಲ್ಲೊಂದು ಪಾಲು ಮಂದಿ ಯಾವ ತೊಂದರೆಯೂ ಇಲ್ಲದೆ ಬೆಳೆದರೆಂಬುದನ್ನು ಮರೆಯಲಾಗದು. ಮನುಷ್ಯಜೀವಿಯ ಚೈತನ್ಯವನ್ನು ಅಷ್ಟು ಸುಲಭವಾಗಿ ಅಳೆಯಬಾರದು.

ಇದಕ್ಕಿಂತಲೂ ಖಚಿತವಾದ ಪ್ರಮಾಣವನ್ನು ಒದಗಿಸಿದುದು ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಎಂಬ ಮೂವರು ವಿಜ್ಞಾನಿಗಳು ಬುಕಾರೆಸ್ಟ್ ನಗರದಲ್ಲಿ 2000ದಲ್ಲಿ ಆರಂಭಿಸಿದ ಅಧ್ಯಯನ. ಆರು ಆಶ್ರಮಗಳಲ್ಲಿದ್ದ, ಆರರಿಂದ ಮೂವತ್ತೊಂದು ತಿಂಗಳ ವಯಸ್ಸಿನ 136 ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು, ಚೀಟಿ ಎತ್ತುವ ರೀತಿಯಲ್ಲಿ ಆರಿಸಿ, ತರಬೇತಿ ಪಡೆದ ಪೋಷಕ ಕುಟುಂಬಗಳಿಗೆ ಒಪ್ಪಿಸಲಾಯಿತು. ಉಳಿದವರು ಎಂದಿನ ವ್ಯವಸ್ಥೆಯಲ್ಲಿಯೇ ಮುಂದುವರಿದರು. ಕೆಲವರಿಗೆ ಮನೆಯನ್ನು ಕೊಟ್ಟು ಕೆಲವರನ್ನು ಬಿಡುವುದು ಧರ್ಮವೇ ಎಂಬ ಸಂದೇಹವು ಓದುಗರಿಗೆ ಬರುವುದು ಸಹಜ. ಆ ನಗರದಲ್ಲಿ ಪೋಷಕ ಕುಟುಂಬಗಳೇ ಬಹುಮಟ್ಟಿಗೆ ಇರಲಿಲ್ಲವೆಂದೂ, ಅವುಗಳನ್ನು ಈ ಅಧ್ಯಯನಕ್ಕಾಗಿಯೇ ಹೊಸದಾಗಿ ಕಟ್ಟಬೇಕಾಯಿತೆಂದೂ, ಆಶ್ರಮದಲ್ಲುಳಿದ ಯಾವ ಮಗುವಿಗಾದರೂ ಮನೆ ದೊರೆತರೆ ತಡೆಯುವಂತಿರಲಿಲ್ಲವೆಂದೂ ವಿಜ್ಞಾನಿಗಳು ಕೊಟ್ಟ ಸಮಾಧಾನವನ್ನು ನಾನು ಒಪ್ಪುವೆನಾದರೂ, ಮನಸ್ಸಿನ ಭಾರವು ಪೂರ್ತಿ ಇಳಿಯದು.

ಫಲಿತಾಂಶವು ಸ್ಪಷ್ಟವಾಗಿತ್ತು. ನಾಲ್ಕೂವರೆ ವರ್ಷದ ವಯಸ್ಸಿನಲ್ಲಿ ಬುದ್ಧಿಮಾಪನದ ಸರಾಸರಿ ಅಂಕವು ಆಶ್ರಮದ ಗುಂಪಿನಲ್ಲಿ 73, ಪೋಷಕ ಕುಟುಂಬದ ಗುಂಪಿನಲ್ಲಿ 81, ಅದೇ ಊರಿನಲ್ಲಿ ಹೆತ್ತವರೊಡನೆಯೇ ಬೆಳೆದ ಮಕ್ಕಳಲ್ಲಿ 109 ಆಗಿತ್ತು. ಎರಡು ವರ್ಷ ತುಂಬುವ ಮೊದಲೇ ಕುಟುಂಬವನ್ನು ಸೇರಿದವರು ತಡವಾಗಿ ಸೇರಿದವರಿಗಿಂತ ಹೆಚ್ಚು ಚೇತರಿಸಿಕೊಂಡರು. ಎಂಟು ವರ್ಷದ ವಯಸ್ಸಿನಲ್ಲಿ ಅವರ ಮೆದುಳಿನ ವಿದ್ಯುತ್ತರಂಗಗಳು ಸಾಮಾನ್ಯ ಮಕ್ಕಳ ತರಂಗಗಳನ್ನು ಹೋಲುವಂತಾಗಿದ್ದುವು. ಖಿನ್ನತೆ, ಆತಂಕಗಳಂಥ ವ್ಯಥೆಗಳು ಕುಟುಂಬದಲ್ಲಿ ತಗ್ಗಿದುವು. ಆದರೆ ಅತಿ ಚಟುವಟಿಕೆಯೂ ಗಮನದ ಕೊರತೆಯೂ ಅಷ್ಟಾಗಿ ತಗ್ಗಲಿಲ್ಲ. ಎಳೆಯ ಮೆದುಳು ಅನುಭವಕ್ಕಾಗಿ ಕಾದಿರುವ ಕಾಲವೊಂದುಂಟು. ಬಿತ್ತನೆಯ ಹದ ತಪ್ಪಿದ ಹೊಲದಂತೆ, ಆಮೇಲೆ ಎಷ್ಟು ಮಳೆ ಸುರಿದರೂ ಬೆಳೆಯು ಅರೆಯಾಗಿಯೇ ಬರುವುದು. ರುಮೇನಿಯಾ ಸರಕಾರವು ತೀವ್ರ ಅಂಗವೈಕಲ್ಯವಿರುವವರ ಹೊರತು, ಎರಡು ವರ್ಷದ ಒಳಗಿನ ಮಕ್ಕಳನ್ನು ಆಶ್ರಮಗಳಲ್ಲಿರಿಸುವುದನ್ನು 2004ರ ಕಾನೂನಿನಿಂದ ನಿಷೇಧಿಸಿತು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ನಿರಪರಾಧಿಗಳಾದ ತಾಯಂದಿರಿಗೆ ನೋವಾದೀತು. ಮಗುವಿನ ಎಲ್ಲ ತೊಡಕುಗಳೂ ಪ್ರೀತಿಯ ಅಭಾವದಿಂದ ಬಂದುವಲ್ಲ. ಆಟಿಸಮ್ ಎಂಬ ಸ್ಥಿತಿಯನ್ನು ಅಮೆರಿಕದ ಲಿಯೊ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ವೃತ್ತಾಂತದೊಡನೆ ವಿವರಿಸಿದ ಮೇಲೆ, ಅದಕ್ಕೆ ತಾಯಂದಿರ ನಿರ್ದಯತೆಯೇ ಕಾರಣವೆಂಬ ಮಾತು ಹಬ್ಬಿತು. ಬ್ರೂನೊ ಬೆಟಲ್‌ಹೈಮ್ ಎಂಬಾತನು 1967ರಲ್ಲಿ ಗ್ರಂಥವನ್ನೇ ಬರೆದು ಅದನ್ನು ಸಾರಿದನು. 1977ರಲ್ಲಿ ಸೂಸನ್ ಫೋಲ್‌ಸ್ಟೈನಳೂ ರಟ್ಟರನೂ ಅವಳಿಮಕ್ಕಳನ್ನು ಪರೀಕ್ಷಿಸಿ, ಅದರ ಬೇರು ಬಹುಪಾಲು ಅನುವಂಶೀಯವೆಂದು ತೋರಿಸುವವರೆಗೆ ಎಷ್ಟೋ ತಾಯಂದಿರು ಇಲ್ಲದ ಪಾಪವನ್ನು ಹೊತ್ತು ಕೊರಗಿದರು. ರುಮೇನಿಯಾದ ಆಶ್ರಮಗಳ ಕೆಲವು ಮಕ್ಕಳಲ್ಲಿ ಆಟಿಸಮ್ಮನ್ನು ಹೋಲುವ ಲಕ್ಷಣಗಳು ಕಂಡುಬಂದರೂ, ಅವು ಕುಟುಂಬದಲ್ಲಿ ಬೆಳೆದಂತೆ ಬೇರೆಯೇ ದಾರಿ ಹಿಡಿದುವು. ಆದುದರಿಂದ ಮಾತು ತಡವಾದ, ಕಣ್ಣಿಟ್ಟು ನೋಡದ, ಕುಳಿತಲ್ಲಿ ಕೂರದ ಮಗುವನ್ನು ಕಂಡೊಡನೆ ತಾಯಿಯತ್ತ ಬೆರಳು ತೋರಿಸುವ ನೆಂಟರೂ ನೆರೆಯವರೂ ಬಾಯಿ ಮುಚ್ಚಿಕೊಂಡಿದ್ದು, ಆ ಮಗುವನ್ನು ಬಲ್ಲವರ ಬಳಿಗೆ ಕರೆದೊಯ್ಯಲು ನೆರವಾಗುವುದೇ ಲೇಸು.

ನಮ್ಮ ನಾಡಿನ ಆಸ್ಪತ್ರೆಗಳಲ್ಲಿ ಕಾಯಿಲೆಯ ಮಗುವಿನ ಮಗ್ಗುಲಲ್ಲಿ ತಾಯಿಯೋ ಅಜ್ಜಿಯೋ ಚಾಪೆ ಹಾಸಿಕೊಂಡು ಮಲಗುವುದು ಹಿಂದಿನಿಂದ ಬಂದ ವಾಡಿಕೆ. ಇದನ್ನು ಅಶಿಸ್ತೆಂದು ಹಳಿಯುವವರು ಲಾರಾಳ ಕಥೆಯನ್ನು ತಿಳಿಯಬೇಕು. ತೂಕ ಕಡಿಮೆಯಿರುವ ನವಜಾತ ಶಿಶುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಗಲುವಂತೆ ಕಟ್ಟಿಡುವ ಕಾಂಗರೂ ಆರೈಕೆಯನ್ನು ಹೆರಿಗೆಯಾದ ಕೂಡಲೇ ಆರಂಭಿಸಿದರೆ ಮೊದಲ ತಿಂಗಳ ಸಾವುಗಳು ಕಾಲು ಭಾಗದಷ್ಟು ತಗ್ಗುವುವೆಂದು, ದೆಹಲಿಯ ಆಸ್ಪತ್ರೆಯೂ ಸೇರಿದಂತೆ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿದೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಈ ಆರೈಕೆಯನ್ನು ಸರಕಾರಿ ಆಸ್ಪತ್ರೆಗಳ ಮೂಲಕ ಹಳ್ಳಿಯ ತಾಯಂದಿರವರೆಗೆ ಮುಟ್ಟಿಸುವ ಕೆಲಸವನ್ನು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನ ಸಂಸ್ಥೆಯವರು ಕೈಗೊಂಡು ನಡೆಸಿದರು.

ಹೆತ್ತವರಿಲ್ಲದ ಮಕ್ಕಳ ವಿಷಯದಲ್ಲಿ ನಾವು ಇಷ್ಟು ನಿಶ್ಚಿಂತರಾಗಿರಲಾರೆವು. 2015ರ ಬಾಲನ್ಯಾಯ ಕಾಯಿದೆಯು ಮಗುವನ್ನು ಸಂಸ್ಥೆಯಲ್ಲಿರಿಸುವುದು ಕೊನೆಯ ಉಪಾಯವಾಗಿರಬೇಕೆಂದು ವಿಧಿಸಿದೆ. ದತ್ತುವಿಗಲ್ಲದೆ ಪೋಷಕ ಕುಟುಂಬದ ಆರೈಕೆಗೂ ಅದರಲ್ಲಿ ಅವಕಾಶವಿದೆ. ಹುಟ್ಟುಹಬ್ಬದ ದಿನ ಆಶ್ರಮಕ್ಕೆ ಹೋಗಿ ಸಿಹಿ ಹಂಚಿ, ಓಡಿಬಂದು ತಬ್ಬಿಕೊಂಡ ಮಗುವಿನೊಡನೆ ಚಿತ್ರ ತೆಗೆಸಿಕೊಂಡು ಮರಳುವ ಸಜ್ಜನರು ನಮ್ಮಲ್ಲಿ ಬಹಳ ಮಂದಿಯಿದ್ದಾರೆ. ಅವರ ಹೃದಯದ ಒಳ್ಳೆಯತನದಲ್ಲಿ ನನಗೆ ಸಂಶಯವಿಲ್ಲ. ಆ ಮಗುವಿಗೆ ಬೇಕಾಗಿರುವುದು ನೂರು ಮಂದಿಯ ಒಂದು ದಿನವಲ್ಲ, ಒಬ್ಬರ ನೂರಾರು ದಿನಗಳು. ಮನೆಯಲ್ಲಿ ಸ್ಥಳವೂ ಮನಸ್ಸಿನಲ್ಲಿ ಧೈರ್ಯವೂ ಇರುವವರು ತಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ, ಪೋಷಕ ಕುಟುಂಬವಾಗಲು ಏನು ಮಾಡಬೇಕೆಂದು ಒಮ್ಮೆ ವಿಚಾರಿಸಬೇಕೆಂದು ಈ ಲೇಖನವನ್ನು ಓದಿದವರಲ್ಲಿ ನನ್ನ ಪ್ರಾರ್ಥನೆ.